ಹೋಗುವಾಗ ಹನ್ನೆರಡು ಗಂಟೆ, ಬರುವಾಗ ಹನ್ನೊಂದು

ಹಲ್ಲತ್ತೆ ಆ ದೇಶಕ್ಕೆ ಹೋಗಿ ಬಂದದ್ದು ಒಂದೆರಡು ಸಲವಲ್ಲ. ಪಾಸ್‌ಪೋರ್ಟಿನ ಹಾಳೆಗಳು ಮುದ್ರೆ ಬಿದ್ದು ಬಿದ್ದು ಮುಗಿಯುತ್ತ ಬಂದಿದ್ದವು. ಆದರೆ ಅಲ್ಲಿ ಏನೇನು ನೋಡಿದೆ ಅಂತ ಯಾರಾದರೂ ಕೇಳಿದರೆ ಹೇಳಲು ಅವಳ ಹತ್ತಿರ ಇದ್ದದ್ದು ಇಷ್ಟೇ: ಕಾಲು ಜಾರುವಷ್ಟು ಹೊಳೆಯುವ ನೆಲ, ಸಾಲಾಗಿ ಕಬ್ಬಿಣದ ಬೆಂಚುಗಳು, ಒಂದು ಚಹದ ಅಂಗಡಿ, ತಾನಾಗಿ ತೆರೆದು ತಾನಾಗಿ ಮುಚ್ಚುವ ದೊಡ್ಡ ಗಾಜಿನ ಬಾಗಿಲು. ಬಾಗಿಲಿನ ಆಚೆ ಟ್ಯಾಕ್ಸಿಗಳು ಬಂದು ನಿಲ್ಲುವುದು ಕಾಣುತ್ತಿತ್ತು. ಟ್ಯಾಕ್ಸಿ ಇದೆ ಅಂದಮೇಲೆ ಊರೂ ಇರಲೇಬೇಕು. ಆ ಊರಿಗೆ ಅವಳು ಕಾಲಿಟ್ಟಿರಲಿಲ್ಲ.

ಅವಳ ಕಸುಬು ಹಲ್ಲು ಕಟ್ಟುವುದು. ಬಾಯಿಗೆ ಕೂರಿಸುವವರು ಡಾಕ್ಟರು. ಅದಕ್ಕೆ ಮುಂಚೆ ಪ್ಲಾಸ್ಟರಿನ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣ ಹಚ್ಚಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುವ ಕೆಲಸ ಇವಳದು. ಅಣ್ಣನ ಮಗಳು ಮಾತು ಕಲಿಯುವ ವಯಸ್ಸಿನಲ್ಲಿ ಒಮ್ಮೆ ಅವಳ ಜೊತೆ ಲ್ಯಾಬಿಗೆ ಹೋಗಿ, ಮೇಜಿನ ತುಂಬ ನಗುತ್ತ ಕೂತಿದ್ದ ಹಲ್ಲುಗಳನ್ನು ಕಂಡು, ಮನೆಗೆ ಬಂದವಳೇ "ಹಲ್ಲತ್ತೆ" ಅಂತ ಕರೆದಳು. ಅವತ್ತಿನಿಂದ ಇಡೀ ಮನೆಗೆ ಅವಳು ಹಲ್ಲತ್ತೆ. ಹೆತ್ತ ತಾಯಿಯೂ ಹಾಗೇ ಕರೆಯತೊಡಗಿದರು. ಹೆಸರಿಟ್ಟ ಹುಡುಗಿಗೆ ಮನೆಯಲ್ಲಿ ಮೆಣಸು ಅನ್ನುತ್ತಿದ್ದರು. ಹುಟ್ಟಿದಾಗ ಅಷ್ಟು ಸಣ್ಣಗೆ ಗುಂಡಗೆ ಇದ್ದಳು ಅಂತ ಇಟ್ಟ ಹೆಸರು. ಬಾಯಿ ಬಂದ ಮೇಲೆ ಅದಕ್ಕೆ ಬೇರೆ ಕಾರಣವೂ ಸಿಕ್ಕಿತು.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಮೆಣಸಿಗೆ ಆರು ವರ್ಷ ಆಗಿದ್ದಾಗ ಅವನ ಸಂಸಾರ ಮುರಿಯಿತು. ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ಅಕ್ಕ ಇದ್ದ ದೇಶಕ್ಕೆ ಹೋದಳು. ಅಲ್ಲೊಂದು ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ನಂಬರು ನೋಡುವ ಕೆಲಸ ಹಿಡಿದಳು. ಶಾಲೆ ನಡೆಯುವಾಗ ಮಗಳು ತಾಯಿಯ ಹತ್ತಿರ, ರಜೆಗೆ ತಂದೆಯ ಹತ್ತಿರ ಅಂತ ಒಪ್ಪಂದವಾಯಿತು. ಹನ್ನೆರಡು ತುಂಬುವ ತನಕ ಹುಡುಗಿ ಒಬ್ಬಳೇ ವಿಮಾನ ಹತ್ತಬಾರದು, ತಂದೆಯ ಕಡೆಯವರೇ ಬಂದು ಕರೆದುಕೊಂಡು ಹೋಗಿ, ಅವರೇ ತಂದು ಬಿಡಬೇಕು ಅಂತಲೂ ಆಯಿತು.

"ಲಿಫ್ಟ್ ಕೆಟ್ಟು ಒಳಗೆ ಜನ ಸಿಕ್ಕಿಹಾಕಿಕೊಂಡಾಗ ನಾನು ಆಕಾಶದಲ್ಲಿದ್ದೀನಿ ಅನ್ನಕ್ಕಾಗುತ್ತಾ?" ಅಂದ ಅಣ್ಣ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಬಿಟ್ಟ ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಅಮ್ಮನಿಗೆ ಮಂಡಿನೋವು. ಉಳಿದವಳು ಇವಳು. ಮದುವೆಯಾಗಿರಲಿಲ್ಲ. ಎಷ್ಟು ಹಲ್ಲೋ ಅಷ್ಟು ಕೂಲಿ, ರಜೆಗೆ ಯಾರ ಕೈಕಾಲೂ ಹಿಡಿಯಬೇಕಾಗಿರಲಿಲ್ಲ.

"ನಿನಗೇನಮ್ಮ, ಹಿಂದೆ ಮುಂದೆ ಯಾರಿದ್ದಾರೆ, ಹೋಗಿ ಬಾ" ಅಂದ.

ಹೋದಳು. ಹೋಗುತ್ತಲೇ ಇದ್ದಳು. ರಜೆ ಶುರುವಾಗುವಾಗ ಒಬ್ಬಳೇ ಹೋಗಿ ಮೆಣಸಿನ ಜೊತೆ ಬರುವುದು. ರಜೆ ಮುಗಿದಾಗ ಮೆಣಸಿನ ಜೊತೆ ಹೋಗಿ ಒಬ್ಬಳೇ ಬರುವುದು. ನಡುವೆ ಒಂಬತ್ತು ಸಾವಿರ ಕಿಲೋಮೀಟರ್ ದೂರ. ಹೋಗುವಾಗ ಹನ್ನೆರಡು ಗಂಟೆ, ಬರುವಾಗ ಹನ್ನೊಂದು.

"ದಾರಿ ಅಷ್ಟೇ ಇದ್ದು, ಬರುವಾಗ ಯಾಕೆ ಬೇಗ?" ಅಂತ ಮೊದಲ ಸಲ ಕೇಳಿದವಳು ಹಲ್ಲತ್ತೆಯೇ. ಎದುರಿನ ಪುಟ್ಟ ಪರದೆಯ ಮೇಲೆ ಇರುವೆಯ ಹಾಗೆ ಹರಿಯುವ ವಿಮಾನವನ್ನು ತೋರಿಸಿ ಮೆಣಸು ಹೇಳಿದಳು: "ಗಾಳಿ ಅತ್ತೆ. ಬರುವಾಗ ಬೆನ್ನ ಹಿಂದೆ ನಿಂತು ತಳ್ಳುತ್ತೆ. ಹೋಗುವಾಗ ಎದೆಗೆ ಕೈ ಕೊಟ್ಟು ಬೇಡ ಬೇಡ ಅನ್ನುತ್ತೆ."

ಆ ದಾರಿಯಲ್ಲಿ ಮೆಣಸು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಊಟದ ತಟ್ಟೆಯಲ್ಲಿನ ಬ್ರೆಡ್ಡು ಅತ್ತೆಗೆ, ಸಿಹಿ ಹುಡುಗಿಗೆ ಅಂತ ಅದಲುಬದಲು. ಒಂದೇ ಹೊದಿಕೆಯನ್ನು ಇಬ್ಬರೂ ಎಳೆದಾಡುವುದು. ಮನೆಯಲ್ಲಿ ಹಲ್ಲತ್ತೆಯ ಮಾತನ್ನು ಪೂರ್ತಿಯಾಗಿ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಇಲ್ಲಿ ಬೆಲ್ಟು ಕಟ್ಟಿಕೊಂಡು ಕೂತ ಹುಡುಗಿಗೆ ಎದ್ದು ಹೋಗಲು ಬೇರೆ ಜಾಗವೇ ಇರಲಿಲ್ಲ.

ಈ ಸಲದ ರಜೆಗೂ ಹಾಗೇ ಹೋದಳು. ಗಾಜಿನ ಬಾಗಿಲಿನ ಪಕ್ಕದ ಚಹದ ಅಂಗಡಿಯಲ್ಲಿ ಹಳೆ ಅತ್ತಿಗೆ ಎರಡು ಕಪ್ಪು ಹಿಡಿದು ಕಾಯುತ್ತಿದ್ದಳು. ಹಳೆ ಅತ್ತಿಗೆ ಅನ್ನುವುದು ಹಲ್ಲತ್ತೆಯ ಮನಸ್ಸಿನಲ್ಲಿದ್ದ ಮಾತು. ಬಾಯಲ್ಲಿ ಬರೀ ಅತ್ತಿಗೆ. ಗಂಡ ಹೆಂಡತಿ ಬಿಟ್ಟರು ಅಂತ ಕಾಗದವಾಗಿತ್ತು. ಅತ್ತಿಗೆ ನಾದಿನಿ ಬಿಟ್ಟರು ಅಂತ ಯಾವ ಕಾಗದವೂ ಆಗಿರಲಿಲ್ಲ.

"ಸೊರಗಿದ್ದೀಯಲ್ಲೇ" ಅಂದಳು ಹಳೆ ಅತ್ತಿಗೆ.

"ನೀವು ಹೋದ ಸಲವೂ ಇದನ್ನೇ ಅಂದಿರಿ. ಹಾಗೆ ನೋಡಿದರೆ ನಾನು ಇಷ್ಟು ಹೊತ್ತಿಗೆ ಕಾಣಿಸಲೇಬಾರದು."

"ನಿಮ್ಮಣ್ಣನ ಹೊಸ ಹೆಂಡತಿ ಹೇಗಿದ್ದಾಳೆ?"

"ಏಳನೇ ತಿಂಗಳು. ಔಷಧಿ ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ಕೆಲಸ ಮಾಡ್ತಾಳೆ."

"ಕಾಲು ಊದಿಕೊಂಡಿದ್ದರೆ ಎತ್ತರಕ್ಕೆ ಇಟ್ಟುಕೊಂಡು ಮಲಗಕ್ಕೆ ಹೇಳು" ಅಂದು ಹಳೆ ಅತ್ತಿಗೆ ಮಾತು ಬದಲಿಸಿದಳು. ಮೆಣಸು ತುಸು ದೂರದಲ್ಲಿ ಫೋನು ನೋಡುತ್ತ ನಿಂತಿದ್ದಳು. ಭುಜಕ್ಕೆ ಭುಜ ಬರುವಷ್ಟು ಬೆಳೆದಿದ್ದಳು. ವಿಮಾನದಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ಸಿಹಿಯನ್ನು ಅತ್ತೆಯ ತಟ್ಟೆಯಲ್ಲೇ ಬಿಟ್ಟಳು. ಕಿಟಕಿಗೆ ತಲೆ ಆನಿಸಿ ಮಲಗಿದಳು. ಬೆಳೆಯುವ ಹುಡುಗಿ, ದಣಿದಿದ್ದಾಳೆ ಅಂದುಕೊಂಡು ಹಲ್ಲತ್ತೆ ಹೊದಿಕೆಯನ್ನು ಪೂರ್ತಿ ಅವಳಿಗೇ ಹೊದಿಸಿದಳು.

ರಜೆಯ ಮೊದಲ ವಾರ ಕಳೆದಿರಬೇಕು. ಊಟಕ್ಕೆ ಎಲ್ಲರೂ ಕೂತಿದ್ದರು. ಬೇಳೆಯ ಪಾತ್ರೆಯನ್ನು ಗಂಡನ ಕಡೆ ತಳ್ಳುತ್ತ ಹೊಸ ಅತ್ತಿಗೆ ಮೆಲ್ಲಗೆ ಮಾತು ತೆಗೆದಳು.

"ಈ ಸಲ ವಾಪಸ್ ಹೋಗುವಾಗ ಮೆಣಸನ್ನ ಒಬ್ಬಳನ್ನೇ ಕಳಿಸಬಹುದಲ್ವಾ? ಹನ್ನೆರಡು ತುಂಬಿತು."

ಅಮ್ಮ ಬಾಯಿಗೆ ಇಡುತ್ತಿದ್ದ ತುತ್ತನ್ನು ಕೆಳಗಿಳಿಸಿದರು. "ಅಷ್ಟು ದೂರ? ಹೆಣ್ಣು ಹುಡುಗಿನ? ನಾನು ಪಕ್ಕದ ಬೀದಿಗೆ ಕಳಿಸಬೇಕಾದರೂ ಬಾಗಿಲಲ್ಲಿ ನಿಂತಿರ್ತೀನಿ."

"ಒಬ್ಬಳೇ ಅಂದ್ರೆ ಒಬ್ಬಳೇ ಅಲ್ಲಮ್ಮ. ವಿಮಾನದವರದ್ದೇ ಒಬ್ಬರು ಇಲ್ಲಿಂದ ಕೈ ಹಿಡಿದು ಕರ್ಕೊಂಡು ಹೋಗಿ ಅಲ್ಲಿ ಅವರಮ್ಮನ ಕೈಗೇ ಕೊಡ್ತಾರೆ. ಎಷ್ಟೋ ಮಕ್ಕಳು ಹಾಗೇ ಓಡಾಡ್ತಾರೆ."

"ಇಷ್ಟು ವರ್ಷ ನಾನು ಕರ್ಕೊಂಡು ಹೋಗಿಲ್ವಾ?" ಅಂದಳು ಹಲ್ಲತ್ತೆ. "ಈಗೇನು ನನ್ನ ಕೈ ಮುರಿದಿದ್ಯಾ?"

"ನಿಮಗೂ ಸುಸ್ತು ತಪ್ಪುತ್ತೆ ಅಂತ..."

"ನನಗೆ ಸುಸ್ತು ಅಂತ ನಾನು ಹೇಳಿದ್ನಾ?"

ಅಣ್ಣ ಗಂಟಲು ಸರಿಮಾಡಿಕೊಂಡ. "ಅವಳು ಹೇಳೋದರಲ್ಲೂ ಅರ್ಥ ಇದೆ..."

"ನಿನಗೆ ಅರ್ಥ ಆಗದೆ ಇರುತ್ತಾ? ಇನ್ನೊಂದು ಮಗು ಬರ್ತಿದೆ, ಮೊದಲನೇದು ಭಾರ ಆಯ್ತು. ನೇರವಾಗಿ ಹಾಗಂತ ಹೇಳಿಬಿಡಿ, ಅದಕ್ಕೆ ವಿಮಾನದವರ ಮಾತೆಲ್ಲ ಯಾಕೆ?"

ಮೆಣಸು ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ಹೊಸ ಅತ್ತಿಗೆ ಗೋಡೆ ಹಿಡಿದು ಎದ್ದಳು. ಅರ್ಧ ಉಳಿದ ತಟ್ಟೆಯನ್ನು ಒಯ್ದು, ನಲ್ಲಿ ಬಿಟ್ಟು, ತೊಳೆದಿಟ್ಟು ಕೋಣೆಗೆ ಹೋದಳು.

"ಎರಡು ಮಹಡಿ ಮಧ್ಯೆ ಲಿಫ್ಟ್ ನಿಂತ ಹಾಗಾಯ್ತು ನನ್ನ ಕಥೆ" ಅಂದ ಅಣ್ಣ.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತೆಲ್ಲ ಅಮ್ಮನ ಮೂಲಕವೇ ನಡೆಯಿತು. "ಸೋಪಿನ ಪುಡಿ ಮುಗಿದಿದೆ ಅಂತ ಹೇಳಮ್ಮ." "ಬಚ್ಚಲಿಗೆ ನಾನು ಮೊದಲು ಹೋಗ್ಬೇಕು ಅಂತ ಹೇಳಿ ಅಮ್ಮ." ಅಮ್ಮ ಕಿಟಕಿಯ ಪಕ್ಕ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಾನೇನು ಟೆಲಿಫೋನ್ ಕಂಬವಾ? ಇಬ್ಬರೂ ಇಲ್ಲೇ ಇದ್ದೀರಲ್ಲ, ಬಾಯಿ ಸತ್ತಿದ್ಯಾ?" ಅಂತ ಗೊಣಗಿದರು. ಹಲ್ಲತ್ತೆ ಬೆಳಿಗ್ಗೆ ಬೇಗ ಲ್ಯಾಬಿಗೆ ಹೊರಟುಬಿಡುತ್ತಿದ್ದಳು. ಊಟದ ಡಬ್ಬಿಯನ್ನೂ ಮರೆತು ಹೋಗುತ್ತಿದ್ದಳು, ಅಥವಾ ಬೇಕೆಂತಲೇ ಬಿಟ್ಟು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಆ ಡಬ್ಬಿಯನ್ನು ಹಿಡಿದು ಹೊಸ ಅತ್ತಿಗೆಯೇ ಲ್ಯಾಬಿಗೆ ಬಂದಳು. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಹಲ್ಲತ್ತೆ ತನ್ನ ಕುರ್ಚಿ ಬಿಟ್ಟುಕೊಟ್ಟು, ನೀರು ತಂದುಕೊಟ್ಟಳು. ಮೇಜಿನ ಮೇಲೆ ಯಾರದೋ ಮೇಲ್ದವಡೆ ಅರ್ಧಕ್ಕೆ ನಿಂತಿತ್ತು. ದೀಪದ ಮೇಲೆ ಮೇಣ ಕರಗುವ ವಾಸನೆ.

"ಹೇಳಬಾರದು ಅಂತಿದ್ದೆ" ಅಂದಳು ಹೊಸ ಅತ್ತಿಗೆ. "ಆದರೆ ಮನೆಯಲ್ಲಿ ಹೀಗೆ ಇರಕ್ಕೆ ನನ್ನ ಕೈಲಿ ಆಗ್ತಿಲ್ಲ. ಒಬ್ಬಳೇ ಹೋಗ್ತೀನಿ ಅಂದಿದ್ದು ಮೆಣಸು. ನಾನಲ್ಲ."

ಹಲ್ಲತ್ತೆಯ ಕೈಯಲ್ಲಿದ್ದ ಚಾಕುವಿನಿಂದ ಮೇಣ ತೊಟ್ಟಿಕ್ಕಿತು.

"ಬಂದ ಎರಡನೇ ದಿನವೇ ಅಂಗಡಿಗೆ ಬಂದು ಹೇಳಿದ್ಲು. 'ನಾನು ಕೇಳಿದೆ ಅನ್ನಬೇಡಿ, ನೀವೇ ಹೇಳಿದ ಹಾಗೆ ಹೇಳಿ' ಅಂತ. ಹೇಳಿದೆ. ಬೈಸ್ಕೊಂಡೆ."

"ನಿಮ್ಮ ಹತ್ತಿರ ಯಾಕೆ ಹೇಳಿದ್ಲು? ಅವರಪ್ಪ ಇದ್ದಾನೆ, ಅಜ್ಜಿ ಇದ್ದಾರೆ. ನಾನಿದ್ದೀನಿ."

"ನೀವೆಲ್ಲ ಅವಳವರು. ನಿಮಗೆ ಬೇಜಾರಾದರೆ ಅವಳಿಗೆ ಕಷ್ಟ. ನನಗೆ ಬೇಜಾರಾದರೆ ಅವಳಿಗೇನು?" ಹೊಸ ಅತ್ತಿಗೆ ನಕ್ಕಳು. ನಗು ಅಷ್ಟೇನೂ ಸರಿಯಾಗಿ ಕೂರಲಿಲ್ಲ.

"ಅವತ್ತು ನಾನು ಆಡಿದ ಮಾತು..." ಅಂದಳು ಹಲ್ಲತ್ತೆ.

"ಊಟ ಆರಿಹೋಗುತ್ತೆ, ತಿನ್ನಿ" ಅಂದು ಹೊಸ ಅತ್ತಿಗೆ ಎದ್ದಳು. ಮೆಟ್ಟಿಲಿಳಿಯುವಾಗ ಹಲ್ಲತ್ತೆ ಅವಳ ತೋಳು ಹಿಡಿದುಕೊಂಡು ಬೀದಿಯ ತನಕ ಬಿಟ್ಟುಬಂದಳು. ವಯಸ್ಸಿನಲ್ಲಿ ತನಗಿಂತ ಎಂಟು ವರ್ಷ ಚಿಕ್ಕವಳು. ಅತ್ತಿಗೆ ಅಂತ ಕರೆದರೂ ಹೀಗೆ ಕೈ ಹಿಡಿದಿದ್ದು ಅದೇ ಮೊದಲು. ತಿರುಗಿ ಬಂದು ಕೂತು, ಆ ಮೇಲ್ದವಡೆಗೆ ಎಡಗಡೆಯ ಹಲ್ಲನ್ನು ಬಲಗಡೆ ಇಟ್ಟಳು. ಮಾಲೀಕ ನೋಡಿ, "ಏನಮ್ಮ, ಇದನ್ನ ಹಾಕ್ಕೊಂಡವರು ಕನ್ನಡಿ ಮುಂದೆ ನಿಂತರೆ ಮಾತ್ರ ಸರಿ ಕಾಣ್ತಾರೆ" ಅಂದ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದಳು.

ಭಾನುವಾರ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಮೆಣಸು ಬಕೆಟ್ ಹಿಡಿದು ಹಿಂದೆ ಬಂದಳು. ಒಬ್ಬರು ಹಿಂಡುವುದು, ಒಬ್ಬರು ಕೊಡವಿ ಹಗ್ಗದ ಮೇಲೆ ಹಾಕುವುದು. ಅರ್ಧ ಬಕೆಟ್ ಮುಗಿದ ಮೇಲೆ ಹಲ್ಲತ್ತೆ ಕೇಳಿದಳು.

"ಒಬ್ಬಳೇ ಹೋಗಬೇಕು ಅಂತ ಇದ್ಯಂತೆ?"

ಮೆಣಸು ಕ್ಲಿಪ್ಪುಗಳನ್ನು ಒಂದೊಂದಾಗಿ ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು. "ಹೇಳಿಬಿಟ್ರಾ?"

"ಹೇಳದೆ ಏನು ಮಾಡ್ತಾರೆ? ನೀನು ಅವರನ್ನ ಮುಂದೆ ತಳ್ಳಿ ಹಿಂದೆ ಬಚ್ಚಿಟ್ಟುಕೊಂಡೆ."

"ನನ್ನ ಕ್ಲಾಸಲ್ಲಿ ಎಲ್ಲರೂ ಒಬ್ಬೊಬ್ಬರೇ ಹೋಗ್ತಾರೆ ಅತ್ತೆ. ನನಗೆ ಮಾತ್ರ ಕೈ ಹಿಡ್ಕೊಳ್ಳಕ್ಕೆ ಒಬ್ಬರು. ನಗ್ತಾರೆ."

"ನನ್ನನ್ನ ನೋಡಿ ನಗ್ತಾರಾ?"

"ನಿಮ್ಮನ್ನ ಅಲ್ಲ. ನನ್ನನ್ನ."

"ಅಷ್ಟೇನಾ?"

"ಅಷ್ಟೇ" ಅಂದಳು ಮೆಣಸು. ಆದರೆ ಹೇಳುವಾಗ ಬೇರೆ ಕಡೆ ನೋಡುತ್ತಿದ್ದಳು. ಹಲ್ಲತ್ತೆ ಮತ್ತೆ ಕೇಳಲಿಲ್ಲ. ಒದ್ದೆ ಹಾಸಿಗೆ ಹೊದಿಕೆಯ ಒಂದು ತುದಿ ಅವಳಿಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು, ಇಬ್ಬರೂ ಎದುರುಬದುರು ನಿಂತು ಹಿಂಡಿದರು.

ಆ ಸಂಜೆ ಊಟದ ಹೊತ್ತಿಗೆ ಹಲ್ಲತ್ತೆ ತಾನೇ ಮಾತೆತ್ತಿದಳು. "ಅಣ್ಣ, ಮೆಣಸಿಗೆ ಒಬ್ಬಳಿಗೇ ಟಿಕೆಟ್ ಮಾಡಿಸು. ಜೊತೆಗೆ ಕರ್ಕೊಂಡು ಹೋಗಕ್ಕೆ ವಿಮಾನದವರಿಗೆ ಹೇಳಿಬಿಡು."

"ಮೊನ್ನೆ ತಾನೇ ಬೇಡ ಅಂತಿದ್ದೆ?"

"ಈಗ ಬೇಕು ಅಂತಿದ್ದೀನಿ. ನನಗೂ ಕೆಲಸ ರಾಶಿ ಬಿದ್ದಿದೆ."

ಹೊಸ ಅತ್ತಿಗೆ ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಅಮ್ಮ ಮಾತ್ರ, "ನಿಮ್ಮ ಧೈರ್ಯ ನಿಮಗಿರಲಿ, ನನ್ನ ಭಯ ನನಗಿರಲಿ" ಅಂದು ಕೈ ತೊಳೆಯಲು ಎದ್ದರು.

ಹೊರಡುವ ದಿನ ಬಂದೇ ಬಂತು. ವಿಮಾನ ನಿಲ್ದಾಣದಲ್ಲಿ ನೀಲಿ ಕೋಟಿನ ಹುಡುಗಿಯೊಬ್ಬಳು ಮೆಣಸಿನ ಕೊರಳಿಗೆ ಪ್ಲಾಸ್ಟಿಕ್ಕಿನ ಚೀಲವೊಂದನ್ನು ನೇತುಹಾಕಿದಳು. ಅದರೊಳಗೆ ಪಾಸ್‌ಪೋರ್ಟು, ಟಿಕೆಟ್ಟು, ಎರಡೂ ಕಡೆಯವರ ಫೋನ್ ನಂಬರು. ಅಣ್ಣ ಮಗಳ ತಲೆ ಸವರಿ ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದ. ಹಲ್ಲತ್ತೆ ಹೇಳಬೇಕಾದ್ದನ್ನೆಲ್ಲ ಒಟ್ಟಿಗೆ ಹೇಳಿದಳು. "ಮಧ್ಯದ ಸೀಟು ಕೊಟ್ಟರೆ ಬೇಡ ಅನ್ನು. ಕಿವಿ ಕಟ್ಟಿದರೆ ಆಕಳಿಸು. ಎರಡನೇ ಊಟಕ್ಕೆ ಎಬ್ಬಿಸಿ ಅಂತ ಮೊದಲೇ ಹೇಳಿರು, ಅವರು ಮಲಗಿದವರನ್ನ ಎಬ್ಬಿಸಲ್ಲ."

"ಗೊತ್ತು ಅತ್ತೆ. ಎಷ್ಟು ಸಲ ಹೋಗಿಲ್ಲ ನಾವು?"

ನಾವು ಅಂದಳು. ಅಷ್ಟಂದು ಬಿಗಿಯಾಗಿ ಒಮ್ಮೆ ತಬ್ಬಿಕೊಂಡು, ನೀಲಿ ಕೋಟಿನವಳ ಜೊತೆ ಹೋದಳು. ತಿರುವಿನಲ್ಲಿ ಒಂದು ಸಲ ಕೈಯೆತ್ತಿದಳು. ಇವರಿಗೋ ಬೇರೆ ಯಾರಿಗೋ ಗೊತ್ತಾಗುವಷ್ಟರಲ್ಲಿ ಮರೆಯಾಗಿದ್ದಳು.

ಅಣ್ಣ ಅಲ್ಲಿಂದಲೇ ಕೆಲಸಕ್ಕೆ ಹೋದ. ಹಲ್ಲತ್ತೆ ಲ್ಯಾಬಿಗೆ ಹೋದಳು. ಅಚ್ಚಿನ ಅಂಚು ಕೆತ್ತುತ್ತ ಕೂತರೂ ತಲೆಯೊಳಗೆ ವಿಮಾನ ಹಾರುತ್ತಲೇ ಇತ್ತು. ಈಗ ಊಟ ಕೊಟ್ಟಿರುತ್ತಾರೆ. ಈಗ ದೀಪ ಆರಿಸಿ ಕಿಟಕಿ ಮುಚ್ಚಿಸಿರುತ್ತಾರೆ. ಈಗ ಕೆಳಗೆ ಬರೀ ನೀರು. ಈಗ ಎದೆಗೆ ಕೈ ಕೊಡುವ ಗಾಳಿ. ಆ ದಾರಿ ಅವಳಿಗೆ ಮನೆಯಿಂದ ಲ್ಯಾಬಿನ ದಾರಿಯಷ್ಟೇ ಗೊತ್ತಿತ್ತು. ಆದರೆ ನೆಲದ ಮೇಲೆ ಕೂತು ಅದನ್ನು ಕಳೆಯುವುದು ಗೊತ್ತಿರಲಿಲ್ಲ. ವಿಮಾನದೊಳಗೆ ಹನ್ನೆರಡು ಗಂಟೆ ಕೈ ಬೀಸಿದಂತೆ ಹೋಗುತ್ತಿತ್ತು. ಇಲ್ಲಿ ಸಂಜೆಯಾಗುವುದೇ ಒಂದು ಯುಗವಾಯಿತು.

ಮನೆಗೆ ಬಂದರೆ ಯಾರೂ ಸರಿಯಾಗಿ ಉಂಡಿರಲಿಲ್ಲ. ಅಣ್ಣ ಫೋನಿನಲ್ಲಿ ಭೂಪಟ ತೆರೆದಿಟ್ಟುಕೊಂಡು, "ಇಳೀತಾ ಇದೆ, ಇಳೀತಾ ಇದೆ" ಅನ್ನುತ್ತಿದ್ದ. ಅಮ್ಮ ಅದರೊಳಗೆ ಮೊಮ್ಮಗಳು ಕಾಣಿಸುತ್ತಾಳೇನೋ ಅನ್ನುವ ಹಾಗೆ ಬಾಗಿ ನೋಡುತ್ತಿದ್ದರು. ಕೊನೆಗೂ ಹಲ್ಲತ್ತೆಯ ಫೋನು ಬಡಿದುಕೊಂಡಿತು. ಅವಳು ಅದನ್ನು ಹಿಡಿದು ಅಡಿಗೆಮನೆಗೆ ಹೋದಳು.

"ಬಂದ್ಲು ಕಣೇ" ಅಂದಳು ಹಳೆ ಅತ್ತಿಗೆ. "ರಾಣಿ ಹಾಗೆ ಬಂದ್ಲು. ಕಾರಲ್ಲಿ ನಿದ್ದೆ ಹೋಗಿದ್ದಾಳೆ. ಇನ್ನೂ ನಿಲ್ದಾಣ ಬಿಟ್ಟು ಹೊರಟಿಲ್ಲ, ಅಷ್ಟರಲ್ಲೇ ನಿದ್ದೆ."

"ಪಾಪ, ದಣಿದಿರ್ತಾಳೆ."

"ದಣಿವು ಯಾವತ್ತೂ ಇತ್ತು. ನಿನಗೆ ಗೊತ್ತಿಲ್ಲ. ನೀನು ಬಿಟ್ಟು ಹೋದ ದಿನ ಅವಳು ಮಲಗ್ತಾನೇ ಇರಲಿಲ್ಲ. ಊಟ ಮಾಡ್ತಿದ್ಲು, ಸ್ನಾನ ಮಾಡ್ತಿದ್ಲು, ಹಾಸಿಗೆ ಮೇಲೆ ಎದ್ದು ಕೂತಿರ್ತಿದ್ಲು. 'ಅತ್ತೆ ಇನ್ನೂ ಆಕಾಶದಲ್ಲೇ ಇದ್ದಾರೆ ಅಮ್ಮ, ಪಕ್ಕದಲ್ಲಿ ಯಾರೂ ಇಲ್ಲ' ಅಂತ. ನೀನು ಮುಟ್ಟಿದೆ ಅಂತ ಮೆಸೇಜು ಬಂದ ಮೇಲೇ ತಲೆದಿಂಬಿಗೆ ತಲೆ ಕೊಡೋಳು. ವರ್ಷ ವರ್ಷ ಇದೇ. ಈ ಸಲ ರಜೆಗೆ ಮುಂಚೇನೇ 'ಇನ್ನು ಅತ್ತೆನ ಹಾಗೆ ಕಳಿಸಲ್ಲ' ಅಂದಿದ್ಲು."

ಒಲೆಯ ಮೇಲೆ ಹಾಲು ಉಕ್ಕಿತು. ಹಲ್ಲತ್ತೆ ಒಲೆ ಆರಿಸುವುದು ಬಿಟ್ಟು ನೋಡುತ್ತ ನಿಂತಳು.

"ಇದ್ದೀಯಾ?"

"ಇದ್ದೀನಿ ಅತ್ತಿಗೆ. ನನಗೆ ಬೇರೆ ಏನೋ ಹೇಳಿದ್ಲು."

"ಹೇಳ್ತಾಳೆ. ನಿಮ್ಮ ಮನೆ ರಕ್ತ, ನಿಜವನ್ನ ಬೆನ್ನ ಹಿಂದೆ ಇಟ್ಟುಕೊಂಡೇ ಮಾತಾಡೋದು" ಅಂದಳು ಹಳೆ ಅತ್ತಿಗೆ. ಆಮೇಲೆ ದನಿ ಇಳಿಸಿ, "ಒಂದು ಸಲ ಬಾರೇ. ಯಾರನ್ನೂ ಬಿಡಕ್ಕಲ್ಲ, ಯಾರನ್ನೂ ಕರ್ಕೊಂಡು ಹೋಗಕ್ಕಲ್ಲ. ಸುಮ್ಮನೆ ಬಾ. ಇಷ್ಟು ವರ್ಷ ನಮ್ಮ ಊರ ಬಾಗಿಲಿಗೆ ಬಂದು ಬಂದು ಹಾಗೇ ವಾಪಸ್ ಹೋದೆ."

"ನೋಡೋಣ" ಅಂದಳು. ಹಾಲು ಒರೆಸಲು ಬಟ್ಟೆ ಹುಡುಕಿದಳು.

ಹೊಸ ಅತ್ತಿಗೆಗೆ ಗಂಡುಮಗುವಾಯಿತು. ಮನೆ ತುಂಬ ಒದ್ದೆ ಬಟ್ಟೆ, ಹಾಲಿನ ವಾಸನೆ, ಅರೆನಿದ್ದೆಯ ಮುಖಗಳು. ಹಲ್ಲತ್ತೆ ಲ್ಯಾಬಿನಿಂದ ಬಂದವಳೇ ಮಗುವನ್ನು ಎತ್ತಿಕೊಂಡು ಓಡಾಡಿಸಬೇಕು, ಬಾಣಂತಿಯ ನೀರಿಗೆ ಒಲೆ ಹಚ್ಚಬೇಕು, ಅಮ್ಮನ ಮಂಡಿಗೆ ಎಣ್ಣೆ ಹಚ್ಚಬೇಕು. ಅಣ್ಣನ ಫೋನು ಬಡಿದುಕೊಂಡರೆ ಮಗು ಎದ್ದು ಅಳುತ್ತಿತ್ತು. ಮಗು ಅತ್ತರೆ ಅಮ್ಮ ಗೊಣಗುತ್ತಿದ್ದರು. ಅಷ್ಟು ಜನರ ಮಧ್ಯೆ ಒಂದು ಲೋಟ ನೀರು ಬೇಕಾ ಅಂತ ಅವಳನ್ನು ಕೇಳುವವರಿರಲಿಲ್ಲ. ಮುಂದಿನ ಸಣ್ಣ ರಜೆಗೆ ಮೆಣಸು ಬರುವುದಿಲ್ಲ, ಈಜಿನ ತರಬೇತಿ ಇದೆ ಅಂತ ಫೋನು ಬಂತು. ಅಣ್ಣ ನಿಟ್ಟುಸಿರಿಟ್ಟ, ಆದರೆ ಸ್ವಲ್ಪ ಹಗುರಾದವನ ಹಾಗೂ ಕಂಡ.

ಆ ವಾರವೇ, ಎಲ್ಲರೂ ಊಟಕ್ಕೆ ಕೂತಾಗ, ಹಲ್ಲತ್ತೆ ಮಗುವನ್ನು ಭುಜದ ಮೇಲೆ ಹಾಕಿಕೊಂಡು ತಟ್ಟುತ್ತ ಹೇಳಿದಳು. "ನಾನು ಟಿಕೆಟ್ ತಗೊಂಡಿದ್ದೀನಿ. ಮುಂದಿನ ತಿಂಗಳು ಅತ್ತಿಗೆ ಮನೆಗೆ ಹೋಗ್ತೀನಿ."

"ಯಾವ ಅತ್ತಿಗೆ?" ಅಂದ ಅಣ್ಣ. ಕೇಳಿದ ಮೇಲೆ ಅವನಿಗೇ ಅರ್ಥವಾಯಿತು. "ಅಲ್ಲಿ ನಿನಗೇನು ಕೆಲಸ?"

"ಏನೂ ಇಲ್ಲ. ಅದಕ್ಕೇ ಹೋಗ್ತಿದ್ದೀನಿ."

"ತಮಾಷೆನಾ? ಮನೇಲಿ ಹಸುಗೂಸು ಇಟ್ಕೊಂಡು? ನನ್ನ ಬಿಟ್ಟವಳ ಮನೇಲಿ ನನ್ನ ತಂಗಿ ಹೋಗಿ ಕೂತರೆ ಜನ ಏನಂತಾರೆ?"

"ಇಷ್ಟು ವರ್ಷ ಅವಳ ಎದುರಿಗೆ ನನ್ನನ್ನ ನಿಲ್ಲಿಸಿದ್ಯಲ್ಲ, ಆಗ ಜನ ಎಲ್ಲಿ ಹೋಗಿದ್ರು?"

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ನನ್ನ ಮಂಡಿಗೆ ಎಣ್ಣೆ ಯಾರು ಹಚ್ತಾರೆ? ಹಿಂದೆ ಮುಂದೆ ಯಾರಿಲ್ಲ ಅಂತ ಹೀಗೆ ಕಾಲಿಗೆ ಚಕ್ರ ಕಟ್ಟಿಕೊಳ್ಳೋದಾ?"

"ಹಿಂದೆ ಮುಂದೆ ಯಾರಿಲ್ಲ ಅಂತ ನೀವೇ ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ರಿ. ಈಗ ತಡೀಬೇಡಿ."

ದನಿ ಏರಿತು. ಮಗು ಬೆಚ್ಚಿ ಅಳತೊಡಗಿತು. ಹೊಸ ಅತ್ತಿಗೆ ಎದ್ದು ಬಂದು ಮಗುವನ್ನು ತೆಗೆದುಕೊಂಡಳು.

"ಹೋಗಲಿ ಬಿಡಿ" ಅಂದಳು ಗಂಡನಿಗೆ. "ಮಗುವಿನ ತಾಯಿ ನಾನು. ಅಮ್ಮನ ಮಂಡಿಗೆ ನೀವು ಎಣ್ಣೆ ಹಚ್ಚಿ. ಲಿಫ್ಟಿಗೆ ಹಚ್ಚಲ್ವಾ, ಹಾಗೇ." ಅಮ್ಮನಿಗೇ ಮೊದಲು ನಗು ಬಂತು. ಹಲ್ಲತ್ತೆಯ ಕಡೆ ತಿರುಗಿ ಹೊಸ ಅತ್ತಿಗೆ ಮೆಲ್ಲಗೆ ಕೇಳಿದಳು, "ವಾಪಸ್ ಟಿಕೆಟ್ಟೂ ತಗೊಂಡಿದ್ದೀರಲ್ವಾ?"

"ತಗೊಂಡಿದ್ದೀನಿ."

"ಅಷ್ಟು ಸಾಕು ನನಗೆ."

ಹೋದಳು. ಗಾಜಿನ ಬಾಗಿಲಿನ ಆಚೆ ಇದ್ದದ್ದು ಎಲ್ಲ ಕಡೆ ಇರುವಂಥ ಊರೇ. ಸಾಲುಮನೆಗಳು, ಬಸ್ಸುಗಳು, ತರಕಾರಿ ಅಂಗಡಿ. ಹಳೆ ಅತ್ತಿಗೆಯದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಬ್ರೆಡ್ಡು ಕಚ್ಚುತ್ತಲೇ ಓಡಿಬಿಡುತ್ತಿದ್ದರು. ಆಮೇಲೆ ಸಂಜೆಯ ತನಕ ಮನೆಯಲ್ಲಿ ಹಲ್ಲತ್ತೆ ಒಬ್ಬಳೇ. ಪಾತ್ರೆ ತೊಳೆದಳು, ಕಪಾಟು ಒರೆಸಿದಳು, ಮೆಣಸಿನ ಅಂಗಿಗೆ ಗುಂಡಿ ಹೊಲಿದಳು. ಮೇಲಿನ ಮನೆಯವರು ನಡೆದಾಡುವ ಸದ್ದು ಕೇಳುತ್ತಿತ್ತು. ಕಿಟಕಿಯ ಪಕ್ಕ ಒಂದೇ ಕುರ್ಚಿ, ಅದರ ಕೈಗಳ ಮೇಲೆ ಬಣ್ಣ ಸವೆದಿತ್ತು. ಮಧ್ಯಾಹ್ನ ಅದರಲ್ಲಿ ಕೂತಾಗ, ಇಷ್ಟು ವರ್ಷ ಈ ಹೆಂಗಸು ರಜೆಯ ದಿನಗಳನ್ನು, ಮಗಳು ಇಲ್ಲದ ಆ ವಾರಗಳನ್ನು, ಎಲ್ಲಿ ಕೂತು ಕಳೆದಿದ್ದಾಳೆ ಅನ್ನುವುದು ತಿಳಿಯಿತು.

"ಕೆಲಸ ಮಾಡಕ್ಕೆ ಕರೆದ್ನಾ ನಿನ್ನ?" ಅಂತ ಹಳೆ ಅತ್ತಿಗೆ ಸಂಜೆ ಬೈದಳು. ಬೈಯುತ್ತಲೇ ಒರೆಸಿದ ಕಪಾಟನ್ನು ಒಮ್ಮೆ ಮುಟ್ಟಿ ನೋಡಿದಳು.

ಮೆಣಸು ಮೊದಲೆರಡು ದಿನ ಅಪರಿಚಿತಳ ಹಾಗಿದ್ದಳು. ತನ್ನ ಮನೆಯಲ್ಲಿ ಅತ್ತೆಯನ್ನು ಎಲ್ಲಿ ಇಡಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ಮೂರನೇ ದಿನ ಈಜಿನ ಒದ್ದೆ ಚೀಲವನ್ನು ಹಾಸಿಗೆಯ ಮೇಲೆ ಎಸೆದಳು.

"ಎತ್ತು ಅದನ್ನ! ಹಾಸಿಗೆ ಏನು ಕೊಳವಾ?" ಅಂದಳು ಹಲ್ಲತ್ತೆ.

"ಇದು ನನ್ನ ಮನೆ!"

"ನಾನು ಮಲಗೋದೂ ಇಲ್ಲೇ!"

ಬಾಗಿಲು ಬಡಿದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು, ಚೀಲವನ್ನು ಬಚ್ಚಲಿಗೆ ಒಯ್ದಿಟ್ಟು ಬಂದು, ಮೆಣಸು ಅವಳ ಪಕ್ಕ ಕೂತಳು. "ಹಸಿವು ಅತ್ತೆ" ಅಂದಳು. ಹಲ್ಲತ್ತೆ ಆಲೂಗಡ್ಡೆ ಹೆಚ್ಚಿ ಹುರಿದುಕೊಟ್ಟಳು. ಅವಳು ಬಾಣಲೆಯಿಂದಲೇ ತಿಂದಳು. ಹೊರಡುವ ಹಿಂದಿನ ದಿನ ಅವಳ ಗೆಳತಿಯೊಬ್ಬಳು ಬಂದಾಗ, "ಇವರು ನಮ್ಮತ್ತೆ, ಹಲ್ಲು ಮಾಡ್ತಾರೆ" ಅಂತ ಪರಿಚಯಿಸಿದಳು. ಗೆಳತಿ ನಗಲಿಲ್ಲ. ತನ್ನ ಬಾಯಿ ತೆರೆದು ಒಂದು ವಕ್ರ ಹಲ್ಲು ತೋರಿಸಿದಳು.

ವಾಪಸ್ ಹೊರಡುವ ದಿನ ತಾಯಿ ಮಗಳು ಇಬ್ಬರೂ ವಿಮಾನ ನಿಲ್ದಾಣಕ್ಕೆ ಬಂದರು. ಹಲ್ಲತ್ತೆಗೆ ಜನರನ್ನು ಬಿಟ್ಟು ಬರುವುದು ಚೆನ್ನಾಗಿ ಗೊತ್ತಿತ್ತು. ತನ್ನನ್ನು ಬಿಡಲು ಯಾರಾದರೂ ಬಂದಾಗ ಹೇಗಿರಬೇಕು ಅನ್ನುವುದು ಗೊತ್ತಿರಲಿಲ್ಲ. ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಸಲ ತಿರುಗಿ ನೋಡಬೇಕು, ಕೈ ಬೀಸುವುದನ್ನು ಯಾವಾಗ ನಿಲ್ಲಿಸಬೇಕು. "ನೀವು ಹೊರಡಿ, ನಿಮಗೆ ಲೇಟಾಗುತ್ತೆ" ಅಂತ ಮೂರು ಮೂರು ಸಲ ಅಂದಳು. "ನೀನು ಹೋಗೇ ಮೊದಲು" ಅಂದಳು ಹಳೆ ಅತ್ತಿಗೆ. ಮೆಣಸು ಅತ್ತೆಯ ಕೈಚೀಲದ ಪಟ್ಟಿಯನ್ನು ಕೊನೆಯ ತನಕ ಹಿಡಿದುಕೊಂಡಿದ್ದು, ಆಮೇಲೆ ಬಿಟ್ಟಳು.

ಒಳಗೆ ತಪಾಸಣೆಯ ಸಾಲು ಉದ್ದಕ್ಕಿತ್ತು. ಹಿಂತಿರುಗಿ ನೋಡಿದಳು. ನಡುವೆ ಗೋಡೆ ಬಂದಿತ್ತು. ಎದುರಿಗೆ ಜನ ಚಪ್ಪಲಿ, ಬೆಲ್ಟು, ಫೋನುಗಳನ್ನು ಪ್ಲಾಸ್ಟಿಕ್ ಟ್ರೇಗಳಲ್ಲಿ ಇಡುತ್ತ ಮುಂದೆ ಸರಿಯುತ್ತಿದ್ದರು. ಅವಳೂ ಒಂದು ಟ್ರೇ ತೆಗೆದುಕೊಂಡಳು. ಆಗ ಫೋನು ಬಡಿದುಕೊಂಡಿತು.

"ಅತ್ತೆ, ನೀವು ಕಾಣಿಸ್ತಿಲ್ಲ."

"ಒಳಗೆ ಬಂದೆ ಕಣೇ. ಇನ್ನು ಕಾಣಿಸಲ್ಲ."

"ನಾವು ಇನ್ನೂ ಅಲ್ಲೇ ನಿಂತಿದ್ದೀವಿ. ಅಮ್ಮ ಕೇಳ್ತಿದ್ದಾರೆ, ಹೊರಡೋದಾ ಅಂತ."

ಹೊರಡಿ, ಅನ್ನಲು ಬಾಯಿ ತೆರೆದಳು. ಅಷ್ಟು ವರ್ಷ ಎಲ್ಲರಿಗೂ ಅಂದು ಅಂದು ನಾಲಗೆಗೆ ಸಿದ್ಧವಾಗಿದ್ದ ಮಾತು ಅದು. ಹಿಂದಿನವರು ಮುಂದೆ ಸರಿಯಿರಿ ಅಂತ ಸನ್ನೆ ಮಾಡಿದರು. ಹಲ್ಲತ್ತೆ ಅವರಿಗೆ ದಾರಿ ಬಿಟ್ಟು, ಖಾಲಿ ಟ್ರೇ ಎದೆಗವಚಿಕೊಂಡು ಗೋಡೆಯ ಪಕ್ಕಕ್ಕೆ ಸರಿದು ನಿಂತಳು.

"ಇನ್ನೊಂದು ಸ್ವಲ್ಪ ಹೊತ್ತು ಇರ್ರೇ" ಅಂದಳು.